ತಿಮಿಂಗಿಲದ ಕಣ್ಣು ಕಾಣುತ್ತದೆ, ಮಗು ಕಾಣುವುದಿಲ್ಲ

ನಗರಾಡಳಿತದ ಕಟ್ಟಡ ಸುರಕ್ಷತಾ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಸೋಮವಾರ ಬೆಳಿಗ್ಗೆ ನೀವು ಈಜುಕೊಳದ ಬಾಗಿಲನ್ನು ಮತ್ತೆ ಮಕ್ಕಳಿಗೆ ತೆರೆಯಲಿದ್ದೀರಿ. ದಯವಿಟ್ಟು ತೆರೆಯಬೇಡಿ. ಆ ಕೊಳದ ತಳದಲ್ಲಿ ಏನು ಬಿದ್ದಿದೆ ಎಂಬುದು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ನನ್ನ ತಂಗಿಯ ಮಗಳು ಅಲ್ಲಿ ಬಿದ್ದಿದ್ದಳು, ಯಾರಿಗೂ ಕಾಣಲಿಲ್ಲ. ಸೋಮವಾರದ ನಂತರ ಇನ್ಯಾರದೋ ಮಗು ಬಿದ್ದರೂ ಕಾಣುವುದಿಲ್ಲ. ಹೇಳಬೇಕಾದದ್ದು ಇಷ್ಟೇ. ಇದನ್ನೇ ನಿಮ್ಮ ಕಚೇರಿಯ ಒಂದು ಕಿಟಕಿಯಲ್ಲಿ ಹೇಳಿದೆ, ಪಕ್ಕದ ಕಿಟಕಿಗೆ ಹೋಗಿ ಎಂದರು. ಪಕ್ಕದ ಕಿಟಕಿಯವರು ಊಟಕ್ಕೆ ಹೋಗಿದ್ದರು. ಅವರ ಊಟ ಇನ್ನೂ ಮುಗಿದಿಲ್ಲವೆಂದು ಕಾಣುತ್ತದೆ. ಹಾಗಾಗಿ ಈಗ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ.

ನಾನು ಯಾರು ಎಂದು ನೀವು ಕೇಳಬಹುದು. ಎಂಜಿನಿಯರ್ ಅಲ್ಲ. ಮಕ್ಕಳ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಹೊಟ್ಟೆಪಾಡು ನಡೆಯುವುದೇ ವಸ್ತು ಎದ್ದು ಕಾಣುವಂತೆ ಮಾಡುವುದರಿಂದ. ಕಪ್ಪು ಫ್ರಾಕನ್ನು ಕಪ್ಪು ಪರದೆಯ ಮುಂದೆ ತೂಗುಹಾಕಿದರೆ ಅದು ಅಲ್ಲೇ ಇದ್ದೂ ಇಲ್ಲದ ಹಾಗೆ. ದಾರಿಹೋಕರು ಪರದೆ ನೋಡಿ ಮುಂದೆ ಹೋಗುತ್ತಾರೆ. ಇದು ತಿಳಿಯಲು ಪದವಿ ಬೇಕಿಲ್ಲ, ಒಂದು ಸೀಸನ್ ನಷ್ಟ ಅನುಭವಿಸಿದರೆ ಸಾಕು. ನಿಮ್ಮ ವಿಭಾಗದವರಿಗೆ ಪಾಪ ಆ ಭಾಗ್ಯ ಇಲ್ಲ, ಅಲ್ಲಿ ಆದ ನಷ್ಟವನ್ನು ಅನುಭವಿಸುವವರು ಬೇರೆ.

ನಿಮ್ಮ ಕೊಳವನ್ನು ನಾನು ಹೊಗಳಿಲ್ಲ ಎನ್ನಬೇಡಿ. ಹೊಸದಾಗಿ ಕಟ್ಟಿ ಮುಗಿಸಿದಾಗ ಮನೆಮಂದಿಯೆಲ್ಲ ಹೋಗಿ ಬಾಯಿ ಬಿಟ್ಟುಕೊಂಡು ನೋಡಿ ಬಂದವರೇ ನಾವು. ಜಾರದ ನೆಲಹಾಸು, ಕೈಗೆ ಒಳ್ಳೆಯ ಹಿಡಿತ ಕೊಡುವ ಏಣಿ, ಅಂಚಿನುದ್ದಕ್ಕೂ ಆಳ ಬರೆದ ಅಂಕಿಗಳು, ನೀರು ಹೀರುವ ಬಾಯಿಗೆ ಭದ್ರವಾದ ಜಾಲರಿ. ಇವೆಲ್ಲ ಇವೆ, ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೆ ನಿಮ್ಮವರಿಗೆ ಕೈ ಸುಮ್ಮನಿರಲಿಲ್ಲ. ಬರೀ ಬಿಳಿ ತಳ ಆಸ್ಪತ್ರೆಯ ಸ್ನಾನದ ಮನೆಯಂತೆ ಕಾಣುತ್ತದೆ, ಮಕ್ಕಳಿಗೆ ಖುಷಿಯಾಗುವಂಥದ್ದು ಏನಾದರೂ ಇರಲಿ ಎಂದು ಯಾರಿಗೋ ಅನ್ನಿಸಿತು. ಆಳದ ತುದಿಯ ತಳದ ತುಂಬ ಕಡುನೀಲಿ ಟೈಲ್ಸ್ ಚೂರುಗಳಿಂದ ಒಂದು ತಿಮಿಂಗಿಲವನ್ನು ಮಲಗಿಸಿದರು. ಸುತ್ತ ಹವಳದ ಕೊಂಬೆಗಳು, ಕಂದು ಬಣ್ಣದ ಕಲ್ಲುಗಳು, ಓಲಾಡುವ ಪಾಚಿ. ತಿಮಿಂಗಿಲಕ್ಕೆ ದೊಡ್ಡ ಬಿಳಿಯ ಕಣ್ಣು. ಚೆಂದವಿತ್ತು, ಸುಳ್ಳೇಕೆ ಹೇಳಲಿ. ತರಬೇತಿಗೆ ಬರುವ ಮಕ್ಕಳಿಗೆಲ್ಲ ಮೊಣಕೈ ಮೊಣಕಾಲು ಮುಚ್ಚುವ ಈಜುಡುಗೆಯನ್ನೂ ಟೋಪಿಯನ್ನೂ ಅದೇ ಕಡುನೀಲಿಯಲ್ಲಿ ಹೊಲಿಸಿ ಕೊಟ್ಟಿರಿ. ತಿಮಿಂಗಿಲಕ್ಕೆ ಮ್ಯಾಚಿಂಗ್ ಅಂತೆ. ಹಬ್ಬದ ಫ್ರಾಕಿಗೆ ರಿಬ್ಬನ್ ಆರಿಸುವಾಗಲೂ ನನ್ನ ಗಿರಾಕಿಗಳು ಇಷ್ಟು ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಕೊಳದ ತಳ ದಡದಿಂದ ಸ್ಪಷ್ಟವಾಗಿ ಕಾಣುವಂತಿರಬೇಕು ಎಂಬ ನಿಯಮ ನಿಮ್ಮದೇ ವಿಭಾಗದ್ದು. ಈ ನಿಯಮ ಇದ್ದೂ ತಿಮಿಂಗಿಲ ಹೇಗೆ ಬಂತು ಎಂದು ನಿಮ್ಮ ಎಂಜಿನಿಯರರನ್ನು ಕೇಳಿದೆ. ಅವರು ನನಗೆ ಕುರ್ಚಿ ಕೊಟ್ಟು, ನೀರು ತರಿಸಿ, ಬಹಳ ತಾಳ್ಮೆಯಿಂದಲೇ ಉತ್ತರಿಸಿದರು.

"ಮೇಡಂ, ದಡದಲ್ಲಿ ನಿಂತರೆ ತಿಮಿಂಗಿಲದ ಕಣ್ಣು ಕಾಣುತ್ತೋ ಇಲ್ವೋ?"

"ಕಾಣುತ್ತೆ."

"ಕಣ್ಣು ಎಲ್ಲಿದೆ?"

"ತಳದಲ್ಲಿ."

"ಅಂದ್ಮೇಲೆ ತಳ ಕಾಣುತ್ತೆ ತಾನೆ? ನಿಯಮ ಅಷ್ಟೇ ಕೇಳೋದು. ನಾವೇ ದಡದಲ್ಲಿ ನಿಂತು, ಕಣ್ಣು ನೋಡಿ, ಪರಿಶೀಲನೆ ಮಾಡಿ ಸಹಿ ಹಾಕಿದ್ದೀವಿ."

ನಾನು ಅಂಗಡಿಯವಳು, ಮಾತಿಗೆ ಮಾತು ಕೊಡುವುದು ನನಗೆ ಹೊಸದಲ್ಲ. ಆದರೆ ಆ ಹೊತ್ತು ಚೀಲ ಎತ್ತಿಕೊಂಡು ಎದ್ದು ಬಂದೆ. ಆ ಮನುಷ್ಯ ಮೋಸ ಮಾಡುತ್ತಿರಲಿಲ್ಲ. ತಾನು ಹೇಳುತ್ತಿರುವುದನ್ನು ಆತ ಮನಸಾರೆ ನಂಬಿದ್ದ. ನನಗೆ ಹೆದರಿಕೆಯಾದದ್ದು ಅದಕ್ಕೇ. ತಳ ಕಾಣಬೇಕು ಎಂದು ನಿಯಮ ಬರೆದದ್ದು ತಳದ ಅಂದ ನೋಡಲಿಕ್ಕಲ್ಲ ಸ್ವಾಮಿ, ತಳದಲ್ಲಿ ಬಿದ್ದವರನ್ನು ನೋಡಲಿಕ್ಕೆ. ಇದನ್ನೂ ನಿಯಮದಲ್ಲಿ ಬಿಡಿಸಿ ಬರೆಯಬೇಕಿತ್ತೇ? ಬಾಗಿಲಿಗೆ ಚಿಲಕ ಇರಬೇಕು ಎಂದರೆ ಗೋಡೆಯ ಮೇಲೆ ಚಿಲಕದ ಚಿತ್ರ ಬಿಡಿಸುತ್ತೀರಾ?

ಇನ್ನು ನಮ್ಮ ಹುಡುಗಿಯ ವಿಷಯ. ನನ್ನ ತಂಗಿ ಸಿಟಿ ಬಸ್ಸು ಓಡಿಸುತ್ತಾಳೆ. ಅವಳ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ರೇಡಿಯೊ ಎಂದು. ಕಣ್ಣು ಬಿಟ್ಟರೆ ಬಿತ್ತರ ಶುರು, ನಿದ್ದೆ ಹತ್ತಿದ ಮೇಲೂ ಅರ್ಧ ವಾಕ್ಯ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಅವಳಮ್ಮನ ಪಾಳಿ ಮುಗಿಯುವವರೆಗೆ ನನ್ನ ಅಂಗಡಿಯಲ್ಲೇ ಇರುತ್ತಿದ್ದಳು. ಕಿಟಕಿಯಲ್ಲಿ ನಿಲ್ಲಿಸಿದ ಬೊಂಬೆಗಳಿಗೆಲ್ಲ ಹೆಸರಿಟ್ಟು, ಒಂದರ ಚಾಡಿಯನ್ನು ಇನ್ನೊಂದಕ್ಕೆ ಹೇಳಿ, ಜಗಳ ಹಚ್ಚಿ, ರಾಜಿ ಮಾಡಿಸುತ್ತಿದ್ದಳು. "ದೊಡ್ಡಮ್ಮಾ, ಈ ಬೊಂಬೆಗೆ ಇವತ್ತು ಕೋಪ, ಇವಳಿಗೆ ಹಳದಿ ಬಣ್ಣ ಹಾಕ್ಬೇಡ" ಎನ್ನುವಳು. "ನಿನ್ನ ಬಾಯಿಗೆ ಬೀಗ ಹಾಕ್ತೀನಿ ನೋಡು" ಎಂದು ನಾನು ದಿನಕ್ಕೆ ಹತ್ತು ಸಲ ಗದರುತ್ತಿದ್ದೆ.

ನಿಮ್ಮ ತಿಮಿಂಗಿಲ ಬಂದ ಮೇಲೆ ಮಕ್ಕಳು ಒಂದು ಆಟ ಕಂಡುಕೊಂಡವು. ಮುಳುಗಿ ಹೋಗಿ ಅದರ ಕಣ್ಣು ಮುಟ್ಟಿ ಬರಬೇಕು. ಮುಟ್ಟಿದವರು ಶೂರರು, ಮುಟ್ಟದವರು ಪುಕ್ಕಲರು. ಆಳಕ್ಕೆ ಹೋಗಬೇಡಿ ಎಂದು ಗೋಡೆಯ ಮೇಲೆ ಬರೆಸಿ, ಬಾ ಬಾ ಎಂದು ಕರೆಯುವ ಕಣ್ಣನ್ನು ಆಳದಲ್ಲೇ ಇಟ್ಟಿರಿ. ಮಕ್ಕಳು ಗೋಡೆ ಓದುತ್ತವೆಯೇ, ಕಣ್ಣು ನೋಡುತ್ತವೆಯೇ? ರೇಡಿಯೊ ಕೂಡ ಹೋದಳು. ಹೋದವಳು ಮೇಲೆ ಬರಲಿಲ್ಲ.

ದಡದ ಎತ್ತರದ ಕುರ್ಚಿಯಲ್ಲಿ ಜೀವರಕ್ಷಕ ಕೂತಿದ್ದ. ಮಕ್ಕಳೆಲ್ಲ ಅವನನ್ನು ಸೀಟಿ ಮಾವ ಎನ್ನುತ್ತವೆ. ಅವನು ಮೊಬೈಲ್ ನೋಡುತ್ತಿರಲಿಲ್ಲ, ತೂಕಡಿಸುತ್ತಿರಲಿಲ್ಲ, ಯಾರೊಂದಿಗೂ ಹರಟುತ್ತಿರಲಿಲ್ಲ. ನೀರನ್ನೇ ನೋಡುತ್ತಿದ್ದ. ಇದನ್ನು ನಾನು ಹೇಳುತ್ತಿಲ್ಲ, ನಿಮ್ಮದೇ ಕ್ಯಾಮೆರಾ ಹೇಳುತ್ತದೆ. ಅವನ ದೃಷ್ಟಿ ಇದ್ದ ಜಾಗದಲ್ಲೇ ನಮ್ಮ ಹುಡುಗಿ ತಿಮಿಂಗಿಲದ ಬೆನ್ನ ಮೇಲೆ ಕವುಚಿ ಮಲಗಿದ್ದಳು. ನೀಲಿ ಉಡುಗೆ ನೀಲಿ ಬೆನ್ನಿನಲ್ಲಿ ಸೇರಿಹೋಗಿತ್ತು, ಕೈಕಾಲು ಹವಳದ ಕೊಂಬೆಗಳಲ್ಲಿ ಸೇರಿಹೋಗಿದ್ದವು. ಮೇಲೆ ಇಷ್ಟು ಮಕ್ಕಳು ಕಾಲು ಬಡಿಯುತ್ತಿದ್ದರೆ ನೀರು ಅಲುಗುತ್ತದೆ, ತಳದ ಚಿತ್ರವೂ ಅಲುಗುತ್ತದೆ, ಎಲ್ಲವೂ ಈಜಿದಂತೆಯೇ ಕಾಣುತ್ತದೆ. ಕೊನೆಗೆ ಇನ್ನೊಬ್ಬ ಹುಡುಗಿ ಕಣ್ಣು ಮುಟ್ಟಲು ಇಳಿದವಳು ಮೇಲೆ ಬಂದು ನಗುತ್ತಾ ಕೂಗಿದಳಂತೆ, "ತಿಮಿಂಗಿಲಕ್ಕೆ ಬೆರಳಿದೆ! ತಿಮಿಂಗಿಲಕ್ಕೆ ಬೆರಳಿದೆ!" ಅವಳ ನಗು ಮುಗಿಯುವ ಮೊದಲೇ ಸೀಟಿ ಮಾವ ನೀರಿಗೆ ಹಾರಿದ್ದ. ನಮ್ಮ ಹುಡುಗಿಯನ್ನು ಎತ್ತಿ ತಂದವನು ಅವನು. ದಡದಲ್ಲಿ ಎದೆ ಒತ್ತಿ ಉಸಿರು ತರಿಸಿದವನೂ ಅವನೇ.

ಅವನನ್ನು ನೀವು ಕೆಲಸದಿಂದ ತೆಗೆದು ಮನೆಯಲ್ಲಿ ಕೂರಿಸಿದಿರಿ. ನಿಮ್ಮ ತನಿಖಾ ವರದಿ ಹೇಳುತ್ತದೆ, ಘಟನೆಗೆ ಕಾರಣ ಮಾನವ ದೋಷ, ಕಟ್ಟಡದ ವಿನ್ಯಾಸದಲ್ಲಿ ಯಾವುದೇ ಲೋಪ ಕಂಡುಬಂದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಮಾನವ ದೋಷವೇ ಸರಿ, ನಾನೂ ಒಪ್ಪುತ್ತೇನೆ. ಆದರೆ ಆ ಚೂರುಗಳ ಬಣ್ಣ ಆರಿಸಿದವರು ಮಾನವರಲ್ಲವೇ? ಅದೇ ಬಣ್ಣದಲ್ಲಿ ಉಡುಗೆ ಹೊಲಿಸಿದವರು? ಕಣ್ಣು ನೋಡಿ ಸಹಿ ಹಾಕಿದವರು? ಮನುಷ್ಯರು ಸರದಿಯಲ್ಲಿ ನಿಂತಿರುವಾಗ ನಿಮಗೆ ಕೊನೆಯಲ್ಲಿ ನಿಂತವನೇ ಏಕೆ ಕಾಣಿಸಿದ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಿಮ್ಮ ಕಚೇರಿಯಲ್ಲಿ ಯಾರೋ ನಕ್ಕರು, ನನಗೆ ಕೇಳಿಸಿತು. ನಗಲಿ. ಇಲ್ಲಿ ಡೊಂಕಿರುವುದು ನೆಲವೇ.

ನಾವು ಮೊದಲಿನಿಂದ ಅವನ ಪರ ಇದ್ದೆವು ಎಂದುಕೊಳ್ಳಬೇಡಿ. ಘಟನೆಯಾದ ಮೇಲೆ, ಹುಡುಗಿ ಇನ್ನೂ ಆಸ್ಪತ್ರೆಯಲ್ಲಿದ್ದಾಗ, ತಂಗಿ ನನ್ನ ಕೈ ಹಿಡಿದು ಕೊಳಕ್ಕೆ ಎಳೆದುಕೊಂಡು ಹೋದಳು. ತನಿಖೆಗೆಂದು ಕೊಳ ಮುಚ್ಚಿತ್ತು. ಹೇಳಿಕೆ ಕೊಡಲು ಕರೆಸಿದ್ದ ಸೀಟಿ ಮಾವ ದಡದ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ತಂಗಿಯ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲವಿತ್ತು, ಅದರಲ್ಲಿ ಮಗುವಿನ ಒದ್ದೆ ಉಡುಗೆ.

"ಕಣ್ಣು ಎಲ್ಲಿಟ್ಕೊಂಡಿದ್ದೆ ನೀನು?" ಎಂದಳು. "ನನ್ನ ಮಗು ನಿನ್ನ ಕಾಲ ಕೆಳಗೇ ಬಿದ್ದಿತ್ತಲ್ಲೋ!"

"ನೋಡ್ತಾನೇ ಇದ್ದೆ ಅಕ್ಕಾ," ಎಂದ ಅವನು. "ಅಲ್ಲೇ ನೋಡ್ತಿದ್ದೆ. ಅದು ಹೇಗೆ ಅಂತ ನನಗೂ ಗೊತ್ತಾಗ್ತಿಲ್ಲ."

"ನೋಡ್ತಿದ್ದನಂತೆ! ತಗೋ, ಇದನ್ನಾದ್ರೂ ಹುಡುಕಿಕೊಡು ನೋಡೋಣ!" ಎಂದವಳೇ ಚೀಲದಲ್ಲಿದ್ದ ಉಡುಗೆಯನ್ನು ತೆಗೆದು ಅವನ ಮುಖಕ್ಕೆ ಎಸೆದಳು. ಅದು ಅವನ ಭುಜಕ್ಕೆ ಬಡಿದು ನೀರಿಗೆ ಬಿತ್ತು. ಮೆಲ್ಲಗೆ ಒಂದು ಸುತ್ತು ತಿರುಗಿ ಇಳಿದುಹೋಯಿತು.

ಎಸೆದ ಮರುಕ್ಷಣವೇ ಅವಳಿಗೆ ಅದು ವಾಪಸ್ ಬೇಕಾಯಿತು. ತಾಯಿಯಾದವಳಿಗೆ ಹಾಗೇ. ಅಂಚಿಗೆ ಓಡಿ ಬಗ್ಗಿ ನೋಡಿದಳು. ಕಾಣಲಿಲ್ಲ. ಎತ್ತರದಿಂದ ಕಾಣಬಹುದೆಂದು ಅವನ ಕುರ್ಚಿ ಹತ್ತಿ ಕೂತಳು. ನೀರು ನಿಂತಿತ್ತು, ಒಂದು ಅಲೆಯೂ ಇರಲಿಲ್ಲ, ಕೊಳದಲ್ಲಿ ಒಂದು ಜೀವವೂ ಇರಲಿಲ್ಲ. ತಿಮಿಂಗಿಲದ ಕಣ್ಣು ಅವಳನ್ನೇ ನೋಡುತ್ತಿತ್ತು.

"ಎಲ್ಲಿ ಬಿತ್ತು?"

"ಅಲ್ಲೇ ಅಕ್ಕಾ, ನಿಮ್ಮ ಎದುರಿಗೇ."

"ಎದುರಿಗೆ ಅಂದ್ರೆ ಎಲ್ಲಿ?"

ಅವನು ಬೆರಳು ತೋರಿಸಿದ. ಅವಳು ನೋಡಿದಳು, ನಾನೂ ನೋಡಿದೆ. ಬೀಳುವುದನ್ನು ನಮ್ಮ ಕಣ್ಣಾರೆ ಕಂಡಿದ್ದೆವು, ಬಿದ್ದ ಜಾಗ ಗೊತ್ತಿತ್ತು, ಆದರೂ ಕಾಣಲಿಲ್ಲ. ತಂಗಿಯ ಮುಖದಲ್ಲಿದ್ದ ಸಿಟ್ಟು ನಿಧಾನಕ್ಕೆ ಇಳಿದು ಅಲ್ಲಿ ಬೇರೇನೋ ಬಂತು. ಅದು ಭಯ. "ಅಕ್ಕಾ," ಎಂದಳು ನನಗೆ, ಬಹಳ ಸಣ್ಣ ದನಿಯಲ್ಲಿ, "ಬಸ್ಸಲ್ಲಿ ಡ್ರೈವರ್ ಸೀಟಿಂದ ಒಂದು ಕಡೆ ಏನ್ಮಾಡಿದ್ರೂ ಕಾಣಲ್ಲ. ನಮಗೆ ಕಲಿಸುವಾಗ ಮೊದಲು ಅದನ್ನೇ ಹೇಳ್ಕೊಡ್ತಾರೆ, ಕನ್ನಡಿ ಹಾಕಿಸ್ತಾರೆ. ಇಲ್ಲಿ ಇಡೀ ಕೊಳಾನೇ ಹಾಗಿದೆ. ಪಾಪ, ಇವನಿಗೆ ಯಾರೂ ಹೇಳೇ ಇಲ್ಲ." ಸೀಟಿ ಮಾವ ಅಂಗಿ ಕಳಚಿ ಮುಳುಗಿದ. ತಿಮಿಂಗಿಲದ ಬೆನ್ನಿನುದ್ದಕ್ಕೂ ಅಂಗೈ ಸವರುತ್ತಾ ಹುಡುಕಿದ, ಕರೆಂಟ್ ಹೋದಾಗ ಬೆಂಕಿಪೊಟ್ಟಣ ಹುಡುಕುವವರ ಹಾಗೆ. ಉಸಿರಿಗಾಗಿ ಮೇಲೆ ಬಂದು ಮತ್ತೆ ಮುಳುಗಿ ಕೊನೆಗೆ ಅದನ್ನು ತಂದು ಅವಳ ಕೈಗಿಟ್ಟ. ಇಬ್ಬರೂ ಅತ್ತರು. ನಾನೂ ಅತ್ತೆ.

ಇದೆಲ್ಲವನ್ನೂ ನಿಮ್ಮ ತನಿಖಾಧಿಕಾರಿಗೆ ಹೇಳಿದೆವು. "ತಾಯಿಯ ಭಾವನೆ ಅರ್ಥವಾಗುತ್ತದೆ" ಎಂದರು. ಭಾವನೆ ಯಾರು ಹೇಳಿದರು, ನಾವು ಹೇಳಿದ್ದು ಬಣ್ಣದ ವಿಷಯ. ನಂತರ ನೀವು ಸುಧಾರಣಾ ಕ್ರಮಗಳನ್ನು ಪ್ರಕಟಿಸಿದಿರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನೀವು ಅದನ್ನೂ ಮಾಡಲಿಲ್ಲ, ಬಾಗಿಲಿಗೆ ಬಣ್ಣ ಹೊಡೆಸಿದಿರಿ. ಒಬ್ಬರ ಜಾಗದಲ್ಲಿ ಇಬ್ಬರು ಜೀವರಕ್ಷಕರು. ಎಚ್ಚರಿಕೆಯ ಫಲಕ ಮೊದಲಿಗಿಂತ ದೊಡ್ಡದು. ಪೋಷಕರಿಂದ ಮುಚ್ಚಳಿಕೆ. ತಿಮಿಂಗಿಲ ಮಾತ್ರ ಇದ್ದಲ್ಲೇ ಇದೆ. ಅದನ್ನು ಕಿತ್ತರೆ ಕೊಳದ ಅಂದ ಕೆಡುತ್ತದೆ, ಅಲ್ಲದೆ ವರದಿಯ ಪ್ರಕಾರ ಅದರಲ್ಲಿ ದೋಷವಿಲ್ಲವಲ್ಲ! ಕಾಣದ್ದನ್ನು ಒಬ್ಬರ ಬದಲು ಇಬ್ಬರು ನೋಡಿದರೆ ಕಾಣಿಸುತ್ತದೆಯೇ? ಕತ್ತಲ ಕೋಣೆಗೆ ಇನ್ನೊಬ್ಬನನ್ನು ಕಳಿಸಿದರೆ ದೀಪ ಹತ್ತುತ್ತದೆಯೇ?

ರೇಡಿಯೊ ಬದುಕಿದ್ದಾಳೆ. ಅದಕ್ಕಾಗಿ ಇರುವ ದೇವರಿಗೂ ಇಲ್ಲದ ದೇವರಿಗೂ ಕೈ ಮುಗಿದಿದ್ದೇನೆ. ನಡೆಯುತ್ತಾಳೆ, ಉಣ್ಣುತ್ತಾಳೆ, ನಗುತ್ತಾಳೆ. ಮಾತು ಮಾತ್ರ ತಡವಾಗಿ ಬರುತ್ತದೆ. ಮನಸ್ಸಿನಲ್ಲಿ ಪದ ಇದೆ, ನಾಲಿಗೆಗೆ ಬರುವ ದಾರಿ ಮರೆತಿದೆ. ತಲೆಗೆ ಉಸಿರು ತಲುಪದೆ ಹೋದ ಹೊತ್ತಿನ ಫಲ ಇದು ಎಂದು ಡಾಕ್ಟರು ಹೇಳಿದರು. ಎಷ್ಟು ಸುಧಾರಿಸುತ್ತದೆಂದು ಕೇಳಿದರೆ ಅವರು ಕಿಟಕಿಯ ಕಡೆ ನೋಡುತ್ತಾರೆ. ಮೊನ್ನೆ ಅಂಗಡಿಯಲ್ಲಿ ಬೊಂಬೆಯ ಮುಂದೆ ನಿಂತು ಬಹಳ ಹೊತ್ತು ತುಟಿ ಅಲುಗಿಸಿದಳು. ಬೊಂಬೆಯ ಹೆಸರು ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ನಗುತ್ತಾ, "ದೊಡ್ಡಮ್ಮಾ... ಸ್ಟೇಷನ್... ಸಿಗ್ತಿಲ್ಲ" ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಹೋಗಿ ಶಟರ್ ಅರ್ಧ ಎಳೆದೆ.

ಆ ಸಂಜೆಯೇ ನಾನು ಒಂದು ನಿರ್ಧಾರ ಮಾಡಿದೆ. ಅದರ ಪೂರ್ತಿ ಜವಾಬ್ದಾರಿ ನನ್ನದು, ತಂಗಿಯದಲ್ಲ, ಸೀಟಿ ಮಾವನದಂತೂ ಅಲ್ಲವೇ ಅಲ್ಲ.

ಕಳೆದ ಗುರುವಾರ ನೀವು ಕೊಳದಲ್ಲಿ ಸಾರ್ವಜನಿಕ ವೀಕ್ಷಣೆ ಇಟ್ಟಿದ್ದಿರಿ. ನೀರಿಗೆ ಯಾರೂ ಇಳಿಯುವಂತಿರಲಿಲ್ಲ, ನಾಗರಿಕರು ದಡದಲ್ಲಿ ನಡೆದಾಡಿ ನೋಡಬಹುದಿತ್ತು. ಬೆಳಿಗ್ಗೆ ಬಾಗಿಲು ತೆಗೆದಾಗ ಮೊದಲು ಒಳಗೆ ಬಂದವಳು ನಾನು. ಕೈಯಲ್ಲಿ ದೊಡ್ಡ ಚೀಲವಿತ್ತು. ಬಾಗಿಲ ಕಾವಲಿನವರು "ಏನಮ್ಮಾ ಅದು?" ಎಂದರು. "ಅಂಗಡಿ ಬೊಂಬೆ" ಎಂದೆ. ನಿಜವನ್ನೇ ಹೇಳಿದೆ, ನಗುತ್ತಾ ಒಳಗೆ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ನೀವು ಬಂದಿರಿ. ಎಂಜಿನಿಯರರು ಬಂದರು, ಪತ್ರಿಕೆಯವರು ಬಂದರು. ಹೊಸ ಜೀವರಕ್ಷಕರು ಇಬ್ಬರೂ ಎರಡು ಕುರ್ಚಿಗಳಲ್ಲಿ ಕೂತರು. ನೀವು ಆಳದ ತುದಿಯಲ್ಲೇ ನಿಂತು ಭಾಷಣ ಮಾಡಿದಿರಿ. ಚೆನ್ನಾಗಿಯೇ ಮಾತಾಡಿದಿರಿ. ಕೈ ಚಾಚಿ ನೀರನ್ನು ತೋರಿಸಿ, "ನೋಡಿ, ಕನ್ನಡಿಯಂತಿದೆ, ಒಂದು ಸೂಜಿ ಬಿದ್ದರೂ ಕಾಣುತ್ತದೆ" ಎಂದಿರಿ. ಎಲ್ಲರೂ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾರನೆಯ ದಿನ ಪತ್ರಿಕೆಯಲ್ಲಿ ನಿಮ್ಮ ಚಿತ್ರ ಬಂತು. ಕೆಳಗೆ ತಿಳಿನೀರು, ನೀರಿನಡಿ ತಿಮಿಂಗಿಲ, ಅದರ ದೊಡ್ಡ ಬಿಳಿ ಕಣ್ಣು.

ಮಾನ್ಯರೇ, ಆ ಹೊತ್ತು ನಿಮ್ಮ ಬೂಟಿನ ಎದುರಿಗೇ, ತಿಮಿಂಗಿಲದ ಬೆನ್ನ ಮೇಲೆ, ನನ್ನ ಅಂಗಡಿಯ ಬೊಂಬೆ ಕವುಚಿ ಮಲಗಿತ್ತು. ಮಗುವಿನ ಅಳತೆಯದೇ, ಒಳಗೆ ಮರಳು ತುಂಬಿದ್ದು, ನೀವು ಬರುವ ಮೊದಲೇ ನಾನು ಅಂಚಿನಿಂದ ಮೆಲ್ಲಗೆ ಇಳಿಬಿಟ್ಟದ್ದು. ಮೈಮೇಲೆ ರೇಡಿಯೊಳ ಅದೇ ಉಡುಗೆ. ನಾನು ಬೊಂಬೆಗೆ ಉಡುಗೆ ತೊಡಿಸುವಾಗ ಅವಳು ಪಕ್ಕದಲ್ಲಿ ನಿಂತು ನೋಡಿದಳು, ಟೋಪಿಯನ್ನು ತಾನೇ ತಂದುಕೊಟ್ಟು "ಇದೂ... ಹಾಕು" ಎಂದಳು. ನಿಮಗೆ ಕಾಣಲಿಲ್ಲ. ಎಂಜಿನಿಯರರಿಗೆ ಕಾಣಲಿಲ್ಲ. ಇಬ್ಬರು ಜೀವರಕ್ಷಕರಿಗೆ, ಪತ್ರಿಕೆಯ ಕ್ಯಾಮೆರಾಕ್ಕೆ, ಚಪ್ಪಾಳೆ ತಟ್ಟಿದ ಅಷ್ಟು ಜನಕ್ಕೆ ಕಾಣಲಿಲ್ಲ. ಒಬ್ಬ ಈಜುಗನೂ ಇರಲಿಲ್ಲ, ಒಂದು ಅಲೆಯೂ ಇರಲಿಲ್ಲ. ಈಗ ಹೇಳಿ, ಮಾನವ ದೋಷ ಎಂದು ಯಾರನ್ನು ಕೆಲಸದಿಂದ ತೆಗೆಯುತ್ತೀರಿ? ನಿಮ್ಮಿಂದಲೇ ಶುರು ಮಾಡುತ್ತೀರಾ?

ನಾನು ಕೇಳುವುದು ಹೆಚ್ಚೇನಲ್ಲ. ಸೋಮವಾರ ಬಾಗಿಲು ತೆರೆಯಬೇಡಿ. ನೀರು ಖಾಲಿ ಮಾಡಿ ಆ ತಿಮಿಂಗಿಲವನ್ನು ಕಿತ್ತು ತಿಳಿ ಬಣ್ಣದ ಬರಿಯ ತಳ ಹಾಕಿ. ಆಸ್ಪತ್ರೆಯ ಸ್ನಾನದ ಮನೆಯಂತೆ ಕಂಡರೆ ಕಾಣಲಿ, ಮಕ್ಕಳು ಆಸ್ಪತ್ರೆ ಸೇರುವುದಕ್ಕಿಂತ ಅದು ವಾಸಿ. ಮಕ್ಕಳಿಗೆ ನೀರಲ್ಲಿ ಉರಿಯುವಂಥ ಬಣ್ಣದ ಉಡುಗೆ ಕೊಡಿ. ಬೇಕಾದರೆ ಯಾವ ಬಣ್ಣವೆಂದು ನನ್ನನ್ನು ಕೇಳಿ, ಪುಕ್ಕಟೆ ಹೇಳುತ್ತೇನೆ. ಆಮೇಲೆ ಊರವರೆದುರಿಗೆ ಒಂದು ಬೊಂಬೆಯನ್ನು ತಳಕ್ಕೆ ಹಾಕಿ, ಕುರ್ಚಿಯಲ್ಲಿ ಕೂತವರಿಗೆ ಅದು ತಟ್ಟನೆ ಕಂಡರೆ ಮಾತ್ರ ಸಹಿ ಹಾಕಿ. ಆ ದಿನ ಆ ಕುರ್ಚಿಯಲ್ಲಿ ಸೀಟಿ ಮಾವ ಕೂತಿರಬೇಕು, ಅವನ ಮೇಲಿನ ಆರೋಪವನ್ನು ನೀವು ಬಹಿರಂಗವಾಗಿ ಹಿಂತೆಗೆದುಕೊಂಡಿರಬೇಕು. ಇದಾವುದೂ ಆಗದಿದ್ದರೆ ಸೋಮವಾರ ಬೆಳಿಗ್ಗೆ ನಾನೂ ನನ್ನ ತಂಗಿಯೂ ಬಾಗಿಲಿಗೆ ಅಡ್ಡ ನಿಂತಿರುತ್ತೇವೆ. ಅವಳು ಬಸ್ಸನ್ನು ಅಡ್ಡ ನಿಲ್ಲಿಸುತ್ತೇನೆ ಎನ್ನುತ್ತಿದ್ದಾಳೆ. ನಾನು ಬೇಡವೆಂದಿದ್ದೇನೆ, ಕೇಳುವ ಜಾತಿಯಲ್ಲ.

ಕೊನೆಯದಾಗಿ ಒಂದು ಮಾತು. ಗುರುವಾರ ಸಂಜೆ ಬೊಂಬೆಯನ್ನು ತೆಗೆಸೋಣವೆಂದು ನಾನು ಬಾಗಿಲ ಬಳಿ ಹೋದಾಗ ಬೀಗ ಹಾಕಿತ್ತು. ನಿಮ್ಮವರು ಆಮೇಲೆ ಕೊಳ ಶುಚಿ ಮಾಡಿದರಂತೆ, ನೀರು ಪರೀಕ್ಷಿಸಿದರಂತೆ, ಎಲ್ಲ ಸರಿಯಿದೆ ಎಂದು ನಿನ್ನೆ ಪ್ರಕಟಣೆಯನ್ನೂ ಹೊರಡಿಸಿದ್ದೀರಿ. ಬೊಂಬೆ ಸಿಕ್ಕಿತೆಂದು ಅದರಲ್ಲಿ ಎಲ್ಲೂ ಇಲ್ಲ. ಅಂದರೆ ಅದು ಇನ್ನೂ ಅಲ್ಲೇ ಇದೆ. ದಯವಿಟ್ಟು ಯಾರನ್ನಾದರೂ ಇಳಿಸಿ. ನೋಡಿ ಹುಡುಕಲು ಹೇಳಬೇಡಿ, ಕೈಯಾಡಿಸಿ ಹುಡುಕಲು ಹೇಳಿ. ರೇಡಿಯೊ ದಿನಾ ಸಂಜೆ ಅಂಗಡಿಯ ಖಾಲಿ ಜಾಗ ನೋಡಿ, "ಇನ್ನೂ... ಯಾರೂ... ನೋಡ್ಲಿಲ್ವಾ?" ಎಂದು ಕೇಳುತ್ತಾಳೆ.

ಇಂತಿ,
ನಿಮ್ಮ ಉತ್ತರಕ್ಕಿಂತ ಮೊದಲು ತನ್ನ ಬೊಂಬೆ ಬರಲಿ ಎಂದು ಕಾಯುತ್ತಿರುವ
ರೇಡಿಯೊಳ ದೊಡ್ಡಮ್ಮ
(ಮಕ್ಕಳ ಬಟ್ಟೆ ಅಂಗಡಿ, ಕಿಟಕಿಯಲ್ಲಿ ಒಂದು ಜಾಗ ಖಾಲಿ)